ರೆಟ್ರೋಪೈ ಹಾಕುವುದು ಸುಲಭ, ಗೇಮ್‌ಗಳನ್ನು ಜೋಡಿಸುವುದೇ ಕೆಲಸ

ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್‌ನಲ್ಲಿ, ಹಳೆ ವಿಡಿಯೋ ಗೇಮ್ ಆಡಿಸುವ ರೆಟ್ರೋಪೈ ಸಾಫ್ಟ್‌ವೇರ್ ಹಾಕುವುದು ಈಗ ದೊಡ್ಡ ವಿಷಯವೇ ಅಲ್ಲ. ಇಮೇಜ್ (ಇಡೀ ಸಿಸ್ಟಮ್ ಇರುವ ಫೈಲ್) ಡೌನ್‌ಲೋಡ್ ಮಾಡಿ ಮೆಮೊರಿ ಕಾರ್ಡಿಗೆ ಬರೆಯಿರಿ, ಟಿವಿಗೆ ಜೋಡಿಸಿ, ಜಾಯ್‌ಸ್ಟಿಕ್‌ನ ಬಟನ್‌ಗಳನ್ನು ಕೇಳಿದ ಹಾಗೆ ಒಂದೊಂದಾಗಿ ಒತ್ತಿ. ಅಷ್ಟೇ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಅದಾದ ಮೇಲಿನ ಕೆಲಸ. ಗೇಮ್ ಪಟ್ಟಿ ತೋರಿಸುವ ಎಮ್ಯುಲೇಷನ್‌ಸ್ಟೇಷನ್ ತೆರೆಯಲ್ಲಿ ಯಾವ ಗೇಮ್ ಇರಬೇಕು, ಯಾವ ಹೆಸರಲ್ಲಿ ಇರಬೇಕು, ಯಾವುದನ್ನು ತೆಗೆದು ಬಿಸಾಕಬೇಕು ಅನ್ನುವುದು.

ಮೊದಲು ಪವರ್ ವಿಷಯ ಮುಗಿಸಿಬಿಡೋಣ. ಪೈ 4ಕ್ಕೆ 5 ವೋಲ್ಟ್, 3 ಆಂಪ್ ಬೇಕು. ಮೂಲೆಯಲ್ಲಿದ್ದ ಹಳೆ ಮೊಬೈಲ್ ಚಾರ್ಜರ್ ಸಾಲುವುದಿಲ್ಲ. ತೆರೆಯ ಮೇಲೆ ಮಿಂಚಿನ ಗುರುತು ಕಂಡರೆ ವೋಲ್ಟೇಜ್ ಕಮ್ಮಿ ಆಗಿದೆ ಅಂತ ಅರ್ಥ. ನಮ್ಮ ಕಡೆ ಕರೆಂಟ್ ಹೋಗುವುದು ಮಾಮೂಲಿ. ಏನಾದರೂ ಬರೆಯುತ್ತಿರುವಾಗಲೇ ಹೋದರೆ ಮೆಮೊರಿ ಕಾರ್ಡ್ ಕೆಡುವ ಭಯ ಬೇರೆ. ಹಾಗಾಗಿ ಕಾರ್ಡಿನಲ್ಲಿ ಸಿಸ್ಟಮ್ ಮಾತ್ರ ಇಟ್ಟೆ, ಗೇಮ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿದೆ. ಪೆನ್‌ಡ್ರೈವ್‌ನಲ್ಲಿ 'ರೆಟ್ರೋಪೈ-ಮೌಂಟ್' ಅನ್ನುವ ಫೋಲ್ಡರ್ ಮಾಡಿ, ಸೆಟಪ್ ಮೆನುವಿನಲ್ಲಿ ಯುಎಸ್‌ಬಿ ರೋಮ್ ಸರ್ವಿಸ್ (ರೋಮ್ ಅಂದರೆ ಗೇಮ್‌ನ ಫೈಲ್) ಆನ್ ಮಾಡಿದರೆ ಸಾಕು, ಗೇಮ್‌ಗಳನ್ನು ಅಲ್ಲಿಂದಲೇ ಓದಿಕೊಳ್ಳುತ್ತದೆ.

ರೋಮ್ ಎಲ್ಲಿ ಸಿಗುತ್ತದೆ ಅನ್ನುವ ಚರ್ಚೆ ಇಲ್ಲಿ ಬೇಡ. ಗೇಮ್ ಹಳೆಯದಾದರೂ ಹಕ್ಕು ಕಂಪನಿಯದ್ದೇ. ನಿಮ್ಮ ಹತ್ತಿರ ಇರುವ ಸಿಡಿ, ಕ್ಯಾಸೆಟ್‌ಗಳಿಂದ ಕಾಪಿ ತೆಗೆದುಕೊಳ್ಳುವುದು ಒಳ್ಳೆಯದು.

ನಾವು ಚಿಕ್ಕವರಿದ್ದಾಗ '9999 ಇನ್ 1' ಕ್ಯಾಸೆಟ್ ಬರುತ್ತಿತ್ತಲ್ವಾ? ಒಳಗೆ ಇರುತ್ತಿದ್ದದ್ದು ಬೆರಳೆಣಿಕೆಯ ಗೇಮ್, ಅವೇ ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ. ಸುಮ್ನೆ ಎಲ್ಲವನ್ನೂ ತುಂಬಿದ ಪೈ ಕೂಡ ಹಾಗೇ ಆಗುತ್ತದೆ. ಒಂದೇ ಗೇಮ್‌ಗೆ ಅಮೆರಿಕದ್ದು, ಜಪಾನಿನದ್ದು, ಯುರೋಪಿನದ್ದು ಅಂತ ಮೂರು ಫೈಲ್. ನಾನು ಅಮೆರಿಕದ್ದನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆದೆ. ಯುರೋಪಿನ ಹಳೆ ಟಿವಿಗಳು 50 ಹರ್ಟ್ಜ್‌ನವು, ಆದ್ದರಿಂದ ಅಲ್ಲಿನ ಎಷ್ಟೋ ಗೇಮ್‌ಗಳು ನಿಧಾನವಾಗಿ ಓಡುತ್ತವೆ. ಅಮೆರಿಕದ್ದು 60 ಹರ್ಟ್ಜ್.

ಕವರ್ ಚಿತ್ರ, ವಿವರ, ವರ್ಷ ಎಲ್ಲವನ್ನೂ ತರಲು ಸ್ಕೈಸ್ಕ್ರೇಪರ್ ಅನ್ನುವ ಸಾಫ್ಟ್‌ವೇರ್ ಬಳಸಿದೆ. ಸ್ಕ್ರೀನ್‌ಸ್ಕ್ರೇಪರ್ ಅನ್ನುವ ಗೇಮ್ ಮಾಹಿತಿಯ ವೆಬ್‌ಸೈಟಿನಲ್ಲಿ ಹುಡುಕುವಾಗ ಇದು ಫೈಲಿನ ಚೆಕ್‌ಸಮ್ಮನ್ನೂ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸುತ್ತದೆ. ಯಾರೋ ತಿದ್ದಿದ ಫೈಲ್ ಆದರೆ ಚೆಕ್‌ಸಮ್ ಹೊಂದುವುದಿಲ್ಲ. ಚಿತ್ರ ಬಾರದೆ ಉಳಿದವುಗಳ ಮೇಲೆ ನಾನು ಮೊದಲು ಅನುಮಾನ ಪಟ್ಟೆ. ಹೆಚ್ಚಿನವು ಹಾರಿಹೋದವು.

ತಲೆ ತಿಂದದ್ದು ಆರ್ಕೇಡ್ ಗೇಮ್‌ಗಳು, ಅಂದರೆ ಗೇಮ್ ಅಂಗಡಿಯ ಮಷೀನಿನವು. ಇಲ್ಲಿ ಜಿಪ್ ಬಿಚ್ಚಬಾರದು, ಫೈಲಿನ ಹೆಸರನ್ನೂ ಮುಟ್ಟಬಾರದು, ಏಕೆಂದರೆ ಎಮ್ಯುಲೇಟರ್ (ಹಳೆ ಮಷೀನಿನ ಹಾಗೆ ವರ್ತಿಸಿ ಗೇಮ್ ಓಡಿಸುವ ಸಾಫ್ಟ್‌ವೇರ್) ಆ ಹೆಸರಿನಿಂದಲೇ ಗೇಮ್ ಗುರುತಿಸುತ್ತದೆ. ಎಮ್ಯುಲೇಟರ್‌ಗೆ ತಕ್ಕ ರೋಮ್‌ಸೆಟ್ಟೂ, ಅಂದರೆ ಅದರ ಆವೃತ್ತಿಗೆ ಹೊಂದುವ ರೋಮ್‌ಗಳ ಗುಂಪೂ ಬೇಕು. ಮೇಮ್ 2003ಕ್ಕೆ 0.78 ಸೆಟ್ ಆಗಬೇಕು, ಎಫ್‌ಬಿನಿಯೋಗೆ ಅದರದ್ದೇ ಹೊಸ ಸೆಟ್. 'ಕಿಂಗ್ ಆಫ್ ಫೈಟರ್ಸ್ 97'ಕ್ಕೆ ಪಕ್ಕದಲ್ಲಿ ನಿಯೋಜಿಯೋ ಬಯೋಸ್ (ನಿಯೋಜಿಯೋ ಮಷೀನಿನ ಮೂಲ ಸಾಫ್ಟ್‌ವೇರ್) ಜಿಪ್ ಇರಲೇಬೇಕು, ಇಲ್ಲದಿದ್ದರೆ ಓಪನ್ನೇ ಆಗಲ್ಲ.

ಸರಿ, ಓಡಿತು. ರಜಕ್ಕೆ ಬಂದ ಅಕ್ಕನ ಮಗ ಪಟ್ಟಿ ಮೇಲೆ ಕೆಳಗೆ ಆಡಿಸಿ, "ಮಾಮ, ಇದರಲ್ಲಿ ಮುಸ್ತಫಾ ಎಲ್ಲಿದೆ?" ಅಂದ. ಅವನಿಗೂ ಆ ಹೆಸರು ಅವನಪ್ಪನಿಂದ ಬಂದದ್ದೇ. ಕ್ಯಾಪ್ಕಾಮ್ 1993ರಲ್ಲಿ ತಂದ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ನಮ್ಮೂರಿನ ಗೇಮ್ ಅಂಗಡಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಳದಿ ಟೋಪಿಯ ಮುಸ್ತಫಾನ ಗೇಮ್ ಅಂದರೆ ಎಲ್ಲರಿಗೂ ಗೊತ್ತು. ಫೈಲ್ ಮಾತ್ರ 'ಡೈನೋ' ಅಂತಲೇ ಇರಬೇಕು. ಎಮ್ಯುಲೇಷನ್‌ಸ್ಟೇಷನ್‌ನಿಂದ ಹೊರಬಂದು, ಗೇಮ್‌ಲಿಸ್ಟ್ ಎಕ್ಸ್ಎಂಎಲ್ ಫೈಲ್ ತೆರೆದು, ಅದರ 'ನೇಮ್' ಟ್ಯಾಗ್‌ನಲ್ಲಿ 'ಮುಸ್ತಫಾ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಫೈಲ್ ಎಲ್ಲಿದೆ ಅಂತ ಹೇಳುವ ಪಾತ್ ಟ್ಯಾಗ್ ಮುಟ್ಟಲಿಲ್ಲ. ಪಟ್ಟಿಯಲ್ಲಿ ಈಗ ಅದು 'ಎಂ' ಅಕ್ಷರದಡಿ ಬರುತ್ತದೆ. ಹೊರಬಂದೇ ತಿದ್ದಬೇಕು ಅನ್ನುವುದಕ್ಕೆ ಕಾರಣ ಇದೆ: ಮುಚ್ಚುವಾಗ ಎಮ್ಯುಲೇಷನ್‌ಸ್ಟೇಷನ್ ತನ್ನ ಹತ್ತಿರ ಇರುವ ವಿವರವನ್ನು ಅದೇ ಫೈಲಿಗೆ ಬರೆಯುತ್ತದೆ, ನಿಮ್ಮ ತಿದ್ದುಪಡಿ ಅಳಿಸಿಹೋಗಬಹುದು.

ಪ್ಲೇಸ್ಟೇಷನ್ ಸಿಡಿಗಳಿಗೆ ಹೆಚ್ಚು ಹೇಳುವುದಿಲ್ಲ. ಸಿಡಿಯ ಕಾಪಿಯಲ್ಲಿ ಬರುವ ಬಿನ್, ಕ್ಯೂ ಫೈಲ್ ಎರಡನ್ನೂ ಸೇರಿಸಿ ಸಿಎಚ್‌ಡಿ ಅನ್ನುವ ಕುಗ್ಗಿಸಿದ ಫೈಲ್ ಮಾಡಿಬಿಡಿ. ಜಾಗವೂ ಉಳಿಯುತ್ತದೆ, ಒಂದು ಸಿಡಿಗೆ ಒಂದೇ ಫೈಲ್ ಇರುತ್ತದೆ.

ಕೊನೆಗೆ ಮಕ್ಕಳ ಸೆಟ್ಟಿಂಗ್. ಎಮ್ಯುಲೇಷನ್‌ಸ್ಟೇಷನ್ ಮೆನುವಿನ ಯುಐ ಮೋಡ್‌ನಲ್ಲಿ 'ಕಿಡ್' ಆರಿಸಿದರೆ, ನೀವು ಮಕ್ಕಳಿಗೆ ಅಂತ ಗುರುತು ಮಾಡಿದ ಗೇಮ್ ಮಾತ್ರ ಕಾಣುತ್ತವೆ, ಸೆಟ್ಟಿಂಗ್ ಕೆಡಿಸಲೂ ಆಗಲ್ಲ. ವಾಪಸ್ ಬರಲು ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಕಾಂಟ್ರಾದಲ್ಲಿ 30 ಲೈಫ್ ಕೊಡುತ್ತಿದ್ದ ಅದೇ ಕೋಡ್! ತೊಂದರೆ ಏನೆಂದರೆ ಅಕ್ಕನ ಮಗನಿಗೆ ಅದೂ ಬಾಯಿಪಾಠ. ಎಮ್ಯುಲೇಷನ್‌ಸ್ಟೇಷನ್‌ನ ಸೆಟ್ಟಿಂಗ್ ಫೈಲಿನಲ್ಲಿ ಪಾಸ್‌ಕೀ, ಅಂದರೆ ಈ ಕೋಡನ್ನೇ ಬದಲಾಯಿಸಿದ್ದೇನೆ. ಹೊಸದು ಏನು ಅಂತ ಅಕ್ಕನಿಗೂ ಹೇಳಿಲ್ಲ.