ಏರಿಯಿಂದ ದಿಣ್ಣೆಯವರೆಗೆ: ಜಲಾನಯನದ ಪದಗಳನ್ನು ನೆಲದ ಮೇಲೆ ಕಲಿಯುವುದು

ಜಲಾನಯನ ಎಂದೊಡನೆ ಎಷ್ಟೋ ವಿದ್ಯಾರ್ಥಿಗಳು ಕೆರೆಯ ಚಿತ್ರ ಬರೆಯುತ್ತಾರೆ. ಕೆರೆ ಅದರ ತುದಿ ಅಷ್ಟೇ. ಬಿದ್ದ ಮಳೆ ಇಳಿದು ಆ ಕೆರೆಗೆ ಬರುವ ಗುಡ್ಡ, ಹೊಲ, ಊರು ಎಲ್ಲ ಸೇರಿದರೆ ಜಲಾನಯನ. ಚನ್ನಗಿರಿ ಕಡೆಯ ಸೂಳೆಕೆರೆಗೆ ಹರಿದ್ರಾ ನದಿಯದು, ಹಿರಿಯೂರು ಬಳಿಯ ವಾಣಿವಿಲಾಸ ಸಾಗರಕ್ಕೆ ವೇದಾವತಿಯದು. ವೇದಾವತಿ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ ಸೇರುವುದರಿಂದ ಚಿಕ್ಕ ಜಲಾನಯನ ದೊಡ್ಡದರ ಹೊಟ್ಟೆಯೊಳಗೇ ಇರುತ್ತದೆ.

ಮೊದಲು ಗಡಿ ಎಳೆಯಿರಿ. 1:50,000 ಅಳತೆಯ ಸರ್ವೆ ನಕ್ಷೆಯಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಕೆರೆ ಏರಿಯ ಒಂದು ತುದಿಯಲ್ಲಿ ಪೆನ್ಸಿಲ್ ಇಟ್ಟು, ದಿಣ್ಣೆಯ ನೆತ್ತಿ ಹಿಡಿದು ಮೇಲೇರಿ, ಸುತ್ತಿ ಇನ್ನೊಂದು ತುದಿಗೆ ಇಳಿಯಿರಿ. ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ) ಮೊನೆ ಎತ್ತರದ ಕಡೆ ಚುಚ್ಚಿದ್ದರೆ ಅದು ಹಳ್ಳ, ತಗ್ಗಿನ ಕಡೆ ಚುಚ್ಚಿದ್ದರೆ ದಿಣ್ಣೆ. ಇವೆರಡನ್ನು ಅದಲುಬದಲು ಮಾಡಿದರೆ ಇಡೀ ನಕ್ಷೆಯೇ ಕೆಡುತ್ತದೆ. ನಿಮ್ಮ ಗೆರೆ ನಡುವೆ ಎಲ್ಲಾದರೂ ಹಳ್ಳ ದಾಟಿದ್ದರೆ ಅಲ್ಲಿಂದ ಅಳಿಸಿ ಮತ್ತೆ ಎಳೆಯಿರಿ. ಬಯಲುಸೀಮೆಯ ಸಪಾಟು ನೆಲದಲ್ಲಿ ರೇಖೆಗಳು ದೂರ ದೂರ ಇರುತ್ತವೆ. ರಸ್ತೆಯ ಏರು, ಕಾಲುವೆಯ ದಂಡೆ ನೀರನ್ನು ಬೇರೆ ಕಡೆ ತಿರುಗಿಸಿರಬಹುದು. ಹಾಗಾಗಿ ಒಂದು ಮಳೆಯ ಮರುದಿನ ಗಡಿಯುದ್ದಕ್ಕೂ ನಡೆದು ನೋಡಲೇಬೇಕು.

1 ಹೆಕ್ಟೇರಿಗೆ 1 ಮಿ.ಮೀ. ಮಳೆ ಎಂದರೆ 10,000 ಲೀಟರ್. 100 ಹೆಕ್ಟೇರಿಗೆ 20 ಮಿ.ಮೀ. ಬಿದ್ದರೆ 2 ಕೋಟಿ ಲೀಟರ್. ಅಷ್ಟೂ ಕೆರೆಗೆ ಬರುವುದಿಲ್ಲ: ನೆಲದೊಳಗೆ ಇಳಿದದ್ದು ಇಂಗುವಿಕೆ, ಮೇಲೆ ಓಡಿದ್ದು ಮೇಲ್ಹರಿವು. ಇಂಗುವಿಕೆ ಅಳೆಯಲು 15 ಸೆಂ.ಮೀ. ಅಗಲದ ಪೈಪಿನ ತುಂಡನ್ನು 5 ಸೆಂ.ಮೀ. ನೆಲಕ್ಕೆ ಬಡಿದು, 10 ಸೆಂ.ಮೀ. ನೀರು ಹಾಕಿ, 5 ನಿಮಿಷಕ್ಕೊಮ್ಮೆ ಮಟ್ಟ ಬರೆದುಕೊಳ್ಳಿ. ಎರೆ ಭೂಮಿಯಲ್ಲಿ ಮೊದಲ ಅಳತೆಯನ್ನು ನಂಬಬೇಡಿ. ಬಿರುಕು ಗಟಗಟ ಕುಡಿಯುತ್ತದೆ, ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ನೀರು ಹಾಕುತ್ತಾ ಹೋಗಿ, ಇಳಿಯುವ ವೇಗ ಒಂದೇ ಸಮ ಆದಾಗ ಸಿಗುವ ಅಂಕಿಯೇ ಲೆಕ್ಕಕ್ಕೆ.

ಇನ್ನು ಜೌಗುಭೂಮಿ. ಬೇಸಿಗೆಯಲ್ಲಿ ಒಣಗಿದೆ ಎಂದು ಅದನ್ನು ಜಲಾನಯನದ ಲೆಕ್ಕದಿಂದ ಬಿಡುವುದು ದೊಡ್ಡ ತಪ್ಪು. ವರ್ಷದ ಕೆಲವು ಕಾಲ ನೀರು ನಿಂತರೂ ಸಾಕು, ಮಣ್ಣು ಅದನ್ನು ನೆನಪಿಟ್ಟುಕೊಂಡಿರುತ್ತದೆ. ಜೊಂಡು ಬೆಳೆದ ಅಂಚಿನಲ್ಲಿ 30 ಸೆಂ.ಮೀ. ಗುಂಡಿ ತೋಡಿ, ಒಂದು ಹೆಂಟೆ ಮುರಿದು ನೋಡಿ. ಬೂದು ಮಣ್ಣು, ಬೇರಿನ ಜಾಡಿನಲ್ಲಿ ತುಕ್ಕಿನ ಗೀರು, ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ. ಗಾಳಿಯಾಡದ ಕಡೆ ಕಬ್ಬಿಣ ಕರಗಿ ಹೋಗಿ ಮಣ್ಣು ಬೂದಾಗುತ್ತದೆ. ಬೇರು ಕೆಳಗಿಳಿಸಿದ ಆಮ್ಲಜನಕ ತಾಗಿದಲ್ಲಿ ಅದೇ ಕಬ್ಬಿಣ ತುಕ್ಕು ಹಿಡಿಯುತ್ತದೆ. ಹೆಂಟೆ ಹಸಿಯಾಗಿರುವಾಗಲೇ ಬಣ್ಣ ಬರೆದುಕೊಳ್ಳಿ, ಒಣಗಿದರೆ ಗೀರು ಮಂಕಾಗುತ್ತದೆ. ಗುಂಡಿ ಮುಚ್ಚಿ ಬನ್ನಿ, ದನ ಕಾಲಿಟ್ಟೀತು.