ಹೊರಗಿನ ರಿವರ್ಬ್, ಕಂಪ್ರೆಸರ್ ಜೋಡಿಸುವವರಿಗೆ

ಮೈಸೂರು, ಮಂಡ್ಯ ಕಡೆ ಮನೆಯಲ್ಲೇ ವೀಣೆ, ಭಾವಗೀತೆ ರೆಕಾರ್ಡ್ ಮಾಡುವವರೇ, ರಿವರ್ಬ್ (ಸದ್ದಿಗೆ ಗುಂಗು ಕೊಡುವುದು), ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವುದು) ಥರದ ಸ್ಟೀರಿಯೋ ಯಂತ್ರಕ್ಕೆ ಕನಿಷ್ಠ 4 ಲೈನ್ ಔಟ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ (ಕಂಪ್ಯೂಟರಿಗೆ ಸದ್ದು ಒಳಗೆ-ಹೊರಗೆ ಕಳಿಸುವ ಪೆಟ್ಟಿಗೆ) ಬೇಕು. 1, 2 ಸ್ಪೀಕರಿಗೇ ಇರಲಿ. 3, 4ರಿಂದ ಟಿಆರ್‌ಎಸ್ (ಮೂರು ಸಂಪರ್ಕದ ಜ್ಯಾಕ್) ಕೇಬಲ್ ಯಂತ್ರಕ್ಕೆ ಹೋಗಿ, ಅಲ್ಲಿಂದ ಇಂಟರ್‌ಫೇಸಿನ ಲೈನ್ ಇನ್‌ಪುಟ್‌ಗೆ ವಾಪಸ್ ಬರಬೇಕು. ಮೈಕ್ ಇನ್‌ಪುಟ್‌ಗೆ ಹಾಕಿದರೆ ಸದ್ದು ಒಡೆಯುತ್ತದೆ. ಗಿಟಾರ್ ಪೆಡಲ್ ಆದರೆ ನಡುವೆ ಸಿಗ್ನಲ್ ತಗ್ಗಿಸಿಕೊಡುವ ರಿಯಾಂಪ್ ಬಾಕ್ಸ್ ಇಡಿ. ಲೈನ್ ಮಟ್ಟದ ಸಿಗ್ನಲ್ ಪೆಡಲ್‌ಗೆ ಜಾಸ್ತಿಯಾಗುತ್ತದೆ.

ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್ ಆದರೆ ರಿಯಾಇನ್ಸರ್ಟ್, ಲಾಜಿಕ್ ಆದರೆ ಐ/ಒ ಪ್ಲಗಿನ್ ಹಾಕಿ; ಸದ್ದನ್ನು ಯಂತ್ರಕ್ಕೆ ಕಳಿಸಿ ವಾಪಸ್ ತರುವುದು ಇದೇ. ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ಯಂತ್ರವನ್ನು ಬೈಪಾಸ್ ಮಾಡಿ, ಸ್ಪೀಕರ್ ತಗ್ಗಿಸಿ, ಪ್ಲಗಿನ್‌ನ ಪಿಂಗ್ ಬಟನ್ ಒತ್ತಿ, ಸದ್ದು ಹೋಗಿ ಬರುವ ವಿಳಂಬ ಅಳೆಯಿರಿ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಸದ್ದಿನ ತುಂಡು) ಎಂದರೆ ಒಂದು ದಿಕ್ಕಿಗೇ ಸುಮಾರು 2.7 ಮಿಲಿಸೆಕೆಂಡ್. ಸರಿಪಡಿಸದೆ ಮೂಲ ಸದ್ದಿನ ಜೊತೆ ಬೆರೆಸಿದರೆ ವೀಣೆಯ ಮೀಟು ಡಬ್ಬದೊಳಗಿಂದ ಬಂದಂತೆ ಟೊಳ್ಳಾಗುತ್ತದೆ. ಬಫರ್ ಬದಲಿಸಿದರೆ ಮತ್ತೆ ಅಳೆಯಲೇಬೇಕು.

ಸೆಂಡ್‌ನಲ್ಲಿ (ಮೂಲ ಸದ್ದು ಹಾಗೇ ಇದ್ದು, ಅದರ ಪ್ರತಿ ಮಾತ್ರ ಯಂತ್ರಕ್ಕೆ ಹೋಗುವ ದಾರಿ) ರಿವರ್ಬ್ ಬಳಸುವಾಗ ಯಂತ್ರದ ಮಿಕ್ಸ್ 100% ವೆಟ್, ಅಂದರೆ ಮೂಲ ಸದ್ದಿಲ್ಲದೆ ಪೂರ್ತಿ ರಿವರ್ಬ್ ಇರಲಿ.

ಗುಂಯ್ ಎನ್ನುವ ಹಮ್ ಬಂದರೆ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ದಯವಿಟ್ಟು ಅರ್ತ್ ಪಿನ್ ಮಾತ್ರ ಕೀಳಬೇಡಿ, ಜೀವಕ್ಕೇ ಅಪಾಯ.

ಯಂತ್ರ ಜೋಡಿಸಿರುವಾಗ ರೆಂಡರ್ (ಹಾಡನ್ನು ಫೈಲ್ ಆಗಿ ಹೊರತೆಗೆಯುವುದು) ರಿಯಲ್‌ಟೈಮ್‌ನಲ್ಲೇ ಆಗಬೇಕು: 4 ನಿಮಿಷದ ಹಾಡಿಗೆ 4 ನಿಮಿಷ. ಅದಕ್ಕೂ ಮೊದಲು ವಾಪಸ್ ಬಂದ ಸದ್ದನ್ನು ಬೇರೆ ಟ್ರ್ಯಾಕ್‌ಗೆ ರೆಕಾರ್ಡ್ ಮಾಡಿಟ್ಟುಕೊಂಡು, ನಾಬ್‌ಗಳ ಫೋಟೋ ತೆಗೆದಿಡಿ.