ಐದೂವರೆ ಶ್ರುತಿಗೆ ಬ್ಯಾಂಡ್ ಹೊಂದಿಸುವುದು

ಕರ್ನಾಟಕ ಸಂಗೀತವನ್ನು ಬ್ಯಾಂಡಿನ ಜೊತೆ ನಾನು ಹಾಡುವುದು ಐದೂವರೆ ಶ್ರುತಿಯಲ್ಲಿ, ನನ್ನ ಷಡ್ಜ ನಿಲ್ಲುವ ಎತ್ತರ ಅದು. ಕೀಬೋರ್ಡಿನ ಲೆಕ್ಕದಲ್ಲಿ ಅದು ಜಿ ಶಾರ್ಪ್. ಗಿಟಾರಿನವರಿಗೆ ಅಷ್ಟೇನೂ ಹಿಡಿಸದ ಸ್ಥಾನ ಅದು, ತೆರೆದ ತಂತಿಗಳ ನಾದ ಅಲ್ಲಿ ಹೆಚ್ಚು ಒದಗುವುದಿಲ್ಲ. ಹಾಗಾಗಿ ಹೊಸ ತಂಡದ ಜೊತೆ ಕೂತಾಗ ಮೊದಲು ಬರುವ ಮಾತು, 'ಶ್ರುತಿ ಸ್ವಲ್ಪ ಬದಲಿಸಬಹುದಾ?' ನಾನು ಒಪ್ಪುವುದಿಲ್ಲ. ಇದು ಹಟವಲ್ಲ. ಶ್ರುತಿ ಎರಡು ಮನೆ ಇಳಿದರೆ ಕೆಳಸ್ಥಾಯಿಯ ಮಂದ್ರ ಪಂಚಮ ಗಂಟಲಿಗೆ ಸಿಗುವುದಿಲ್ಲ, ಎರಡು ಮನೆ ಏರಿದರೆ ತಾರಸ್ಥಾಯಿಯ ಗಾಂಧಾರ ಕಿರುಚಿದಂತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನನ್ನ ಶ್ರುತಿಗೆ ಹದ ಮಾಡಿದ ಮೃದಂಗವನ್ನು ಕಲ್ಲು, ಪುಳ್ಳು ಎಂಬ ಮರದ ತುಂಡು ಹಿಡಿದು ಅರ್ಧ ಮನೆ, ತೀರಾ ಹೆಚ್ಚೆಂದರೆ ಒಂದು ಮನೆ ಸರಿಸಬಹುದು, ಅಷ್ಟೇ. ಘಟವಂತೂ ಸುಟ್ಟ ಮಣ್ಣು. ಆದ್ದರಿಂದ ಇಡೀ ಕಾರ್ಯಕ್ರಮ ಒಂದೇ ಶ್ರುತಿಯಲ್ಲಿ. ಗಿಟಾರಿನ ಮೊದಲ ಫ್ರೆಟ್ಟಿಗೆ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಹಾಕಿದರೆ ಜಿ ಹಿಡಿತಗಳೇ ಐದೂವರೆಯಲ್ಲಿ ನುಡಿಯುತ್ತವೆ. ಬೇಸ್ ಗಿಟಾರಿನಲ್ಲಿ ಷಡ್ಜ ಇ ತಂತಿಯ ನಾಲ್ಕನೇ ಫ್ರೆಟ್ಟಿನಲ್ಲಿದೆ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ (ಶ್ರುತಿ ಸರಿಸುವ ಗುಂಡಿ) ಮೈನಸ್ ನಾಲ್ಕಕ್ಕೆ ಒಮ್ಮೆ ಇಟ್ಟರೆ ಮುಗಿಯಿತು, ಮಧ್ಯೆ ಯಾರೂ ಮುಟ್ಟಬಾರದು.

ತಂಬೂರಿಯನ್ನು ಕಿವಿಯ ಅಂದಾಜಿಗೆ ಬಿಡುವುದಿಲ್ಲ. ಎಲೆಕ್ಟ್ರಾನಿಕ್ ತಂಬೂರಿಯ ಸೂಕ್ಷ್ಮ ಶ್ರುತಿಯ ಗುಂಡಿ ಚೀಲದಲ್ಲಿ ಒಂದಿಷ್ಟು ತಿರುಗಿದ್ದರೂ ಸಾಕು, ಕೀಬೋರ್ಡಿನ ಜೊತೆ ಸೇರಿದಾಗ ನಾದ ಅಲೆಅಲೆಯಾಗಿ ಕಂಪಿಸತೊಡಗುತ್ತದೆ. ಮೊದಲು ಕೀಬೋರ್ಡು, ಅದಕ್ಕೆ ತಂಬೂರಿ, ತಂಬೂರಿಗೆ ಮೃದಂಗ, ಕೊನೆಗೆ ಗಿಟಾರುಗಳು. ಈ ಕ್ರಮ ತಿರುಗುಮುರುಗಾಗಬಾರದು, ಏಕೆಂದರೆ ಇವುಗಳಲ್ಲಿ ಕೀಬೋರ್ಡು ಮಾತ್ರ ತಾನಾಗಿ ಬದಲಾಗದ ವಾದ್ಯ.

ಇನ್ನು ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್‌ಗಳ ವಿಷಯ. ಹೆಚ್ಚಿನ ತಂಡಗಳು ಎಡವುವುದು ಇಲ್ಲೇ. ನಾನು ತಂಡಕ್ಕೆ ಕೊಡುವ ಹಾಳೆಯಲ್ಲಿ ಸಿ, ಎಫ್ ಎಂದು ಬರೆಯುವುದಿಲ್ಲ, ಸ್ವರಗಳನ್ನೇ ಬರೆಯುತ್ತೇನೆ. ಹಿಂದೋಳವನ್ನೇ ತೆಗೆದುಕೊಳ್ಳಿ: ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದ. ರಿಷಭ ಇಲ್ಲ, ಪಂಚಮ ಇಲ್ಲ. ಕೀಬೋರ್ಡಿನವರ ಕೈ ಅಭ್ಯಾಸಬಲದಿಂದ ಷಡ್ಜದ ಮೈನರ್ ಕಾರ್ಡಿಗೆ ಹೋಗುತ್ತದೆ. ಅದರೊಳಗೆ ಪಂಚಮ ಕೂತಿದೆ! ಒಂದು ಸಲ ಅದು ಕೇಳಿಸಿತೆಂದರೆ ನಾನು ಎಷ್ಟೇ ಶುದ್ಧವಾಗಿ ಹಾಡಿದರೂ ಕೇಳುಗರ ಕಿವಿಯಲ್ಲಿ ಹಿಂದೋಳ ಉಳಿಯುವುದಿಲ್ಲ. ಈ ರಾಗದ ಸ್ವರಗಳಲ್ಲೇ ಹುಟ್ಟುವ ತ್ರಿಸ್ವರ ಕಾರ್ಡ್‌ಗಳು ಎರಡೇ: ಮ-ದ-ಸ ಎಂಬ ಮೈನರ್, ದ-ಸ-ಗ ಎಂಬ ಮೇಜರ್. ಜೊತೆಗೆ ನಿ-ಗ-ಮ ಎಂಬ ತೆರೆದ ಜೋಡಣೆಯೊಂದು. ಮೂರೇ ಆದರೂ ಇಡೀ ಪಲ್ಲವಿಗೆ ಇವು ಸಾಕು.

ಆದರೆ ಬೇಸ್ ಎಲ್ಲಿ ನಿಲ್ಲುತ್ತದೆ ಎನ್ನುವುದು ಕಾರ್ಡಿಗಿಂತ ದೊಡ್ಡ ಪ್ರಶ್ನೆ. ಮ-ದ-ಸ ನುಡಿಯುವಾಗ ಬೇಸ್ ಕೂಡ ಮಧ್ಯಮಕ್ಕೆ ಇಳಿದು ಅಲ್ಲೇ ಕೂತರೆ ಕಿವಿ ಮಧ್ಯಮವನ್ನೇ ಷಡ್ಜವೆಂದು ಹಿಡಿಯುತ್ತದೆ, ಹಿಂದೋಳ ಶುದ್ಧ ಧನ್ಯಾಸಿಯಾಗುತ್ತದೆ. ಧೈವತದ ಮೇಲೆ ಕೂತರೆ ಮೋಹನ. ಷಡ್ಜದ ಜಾಗ ಸರಿಸಿ ಬೇರೆ ರಾಗ ಹುಟ್ಟಿಸುವ ಗ್ರಹಭೇದವನ್ನು ಬೇಕೆಂದೇ ಮಾಡುವುದು ಬೇರೆ, ಗೊತ್ತಿಲ್ಲದೆ ಆಗಿಹೋಗುವುದು ಬೇರೆ. ಅದಕ್ಕೇ ಬೇಸಿನವರಿಗೆ ನನ್ನ ಸೂಚನೆ ಇಷ್ಟು: ಪಲ್ಲವಿಯುದ್ದಕ್ಕೂ ಷಡ್ಜ ಬಿಡಬೇಡಿ. ಅನುಪಲ್ಲವಿಯಲ್ಲಿ ಅರ್ಧ ಆವರ್ತದ (ತಾಳದ ಅರ್ಧ ಸುತ್ತಿನ) ಮಟ್ಟಿಗೆ ಮಧ್ಯಮಕ್ಕೆ ಹೋಗಿ, ನಾನು ತಾರಷಡ್ಜ ಮುಟ್ಟುವ ಮೊದಲೇ ಹಿಂದಿರುಗಿ. ಹಿಂದೂಸ್ತಾನಿಯವರು ಮಾಲಕೌಂಸಕ್ಕೆ ಮಾಡುವಂತೆ ತಂಬೂರಿಯ ಪಂಚಮವನ್ನೂ ಆ ಹಾಡಿನ ಮಟ್ಟಿಗೆ ಮಧ್ಯಮಕ್ಕೆ ಇಡುತ್ತೇನೆ.

ಕಲ್ಯಾಣಿಯಲ್ಲೂ ಇದೇ ಅಪಾಯ. ಬೇಸ್ ಪಂಚಮದಲ್ಲಿ ಬೀಡುಬಿಟ್ಟರೆ ಅದು ಪಂಚಮದಿಂದ ಶುರುವಾದ ಶಂಕರಾಭರಣ. ಷಡ್ಜದ ಮೇಜರ್ ಕಾರ್ಡು, ರಿಷಭದ ಮೇಜರ್ ಕಾರ್ಡು, ಎರಡರ ಅಡಿಯಲ್ಲೂ ಬೇಸ್ ಷಡ್ಜವೇ ಇದ್ದರೆ ಪ್ರತಿಮಧ್ಯಮ ಬೆಳಗುತ್ತದೆ.

ಕೀಬೋರ್ಡಿನಲ್ಲಿ ಹಿನ್ನೆಲೆಗೆ ಎಳೆದು ಹಿಡಿಯುವ ಉದ್ದನೆಯ ಪ್ಯಾಡ್‌ನಲ್ಲಿ ಗಾಂಧಾರ ಬೇಡ ಎನ್ನುವುದಕ್ಕೆ ಎರಡು ಕಾರಣ. ತಂಬೂರಿಯ ನಾದದೊಳಗಿಂದ ಕೇಳಿಬರುವ ಅಂತರ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ (ಕೀಬೋರ್ಡಿನ ಪಕ್ಕದ ಎರಡು ಕೀಗಳ ನಡುವೆ ನೂರು ಸೆಂಟ್). ಮೋಹನದಲ್ಲಿ ನಾನು ಗಾಂಧಾರದಲ್ಲಿ ನಿಂತಾಗ ಎರಡರ ನಡುವೆ ಸಿಕ್ಕಿಬೀಳುತ್ತೇನೆ. ಷಡ್ಜ ಪಂಚಮದಲ್ಲಿ ಈ ಅಂತರ ಎರಡೇ ಸೆಂಟ್, ಯಾರಿಗೂ ತಿಳಿಯದು. ಎರಡನೆಯದು ಗಮಕ, ಅಂದರೆ ಸ್ವರದ ತೂಗಾಟ. ತೋಡಿಯ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ, ರಿಷಭ ಮಧ್ಯಮಗಳ ನಡುವೆ ತೂಗುವ ಸ್ವರ. ಅದರ ಅಡಿಯಲ್ಲಿ ಯಂತ್ರದ ಗಾಂಧಾರ ಅಲುಗಾಡದೆ ನಿಂತರೆ ನನ್ನ ಪ್ರತಿ ತೂಗೂ ಅಪಸ್ವರದಂತೆ ಕೇಳಿಸುತ್ತದೆ. ಹಾಗಾಗಿ ತೋಡಿ, ಭೈರವಿ, ಆಹಿರಿಗಳಿಗೆ ನಾನು ಕಾರ್ಡ್ ಹಾಕಿಸುವುದೇ ಇಲ್ಲ, ಷಡ್ಜದ ಮೇಲೆ ತಾಳವಾದ್ಯಗಳು ಮಾತ್ರ. ಗಿಟಾರಿನಲ್ಲಿ ಗಮಕ ಹಿಡಿಯುವ ಆಸೆ ಇದ್ದರೆ ವಾದ್ಯವೇ ಬದಲಾಗಬೇಕು. 'ಶಕ್ತಿ' ತಂಡದ ಜಾನ್ ಮೆಕ್‌ಲಾಫ್ಲಿನ್ ಅದಕ್ಕೆಂದೇ ಫ್ರೆಟ್ಟುಗಳ ನಡುವಿನ ಮರವನ್ನು ಕೆತ್ತಿಸಿ ಹಳ್ಳ ಮಾಡಿಸಿಕೊಂಡಿದ್ದರು. ಸಾಮಾನ್ಯ ಗಿಟಾರಿನಲ್ಲಿ ನನ್ನ ಸಂಗತಿಯನ್ನು (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದನ್ನು) ಬೆನ್ನಟ್ಟುವುದಕ್ಕಿಂತ ಸಂಗತಿ ಮುಗಿದ ಮೇಲಿನ ಖಾಲಿಯಲ್ಲಿ ಎರಡು ಸ್ವರ ಮೀಟುವುದು ಹೆಚ್ಚು ಚೆನ್ನ.

ತಾಳಕ್ಕೆ ಬಂದರೆ, ಆದಿತಾಳವನ್ನು ನಾಲ್ಕರ ಎರಡು ಬಾರ್ ಎಂದು ಹೇಳಿದ ಕೂಡಲೇ ಡ್ರಮ್ಮರ್‌ಗೆ ಎಲ್ಲ ಅರ್ಥವಾಯಿತು ಎಂದುಕೊಳ್ಳಬೇಡಿ. ತೊಂದರೆ ಎಡುಪಿನಲ್ಲಿದೆ, ಅಂದರೆ ತಾಳದಲ್ಲಿ ಹಾಡು ಎತ್ತುವ ಜಾಗದಲ್ಲಿ. ಕೃತಿ ತಾಳದ ಮೊದಲ ಪೆಟ್ಟಾದ ಸಮದಿಂದ ಒಂದೂವರೆ ಅಕ್ಷರ (ತಾಳದ ಎಣಿಕೆ) ಬಿಟ್ಟು ಎತ್ತುಗಡೆಯಾಗುವುದಾದರೆ ಸಾಹಿತ್ಯದ ಮೊದಲ ಅಕ್ಷರ ಬೀಳುವುದು ಎರಡನೇ ಎಣಿಕೆಯ ಅರ್ಧದಲ್ಲಿ. ತಾಳ ಹಾಕಿ ಬೆಳೆಯದ ಡ್ರಮ್ಮರ್ ಆ ಅಕ್ಷರವನ್ನೇ ಸಮವೆಂದು ಹಿಡಿದು ಕಿಕ್ (ಕಾಲಲ್ಲಿ ನುಡಿಸುವ ದೊಡ್ಡ ಡ್ರಮ್) ಒತ್ತುತ್ತಾರೆ, ಅಲ್ಲಿಂದ ಮುಂದೆ ಮೃದಂಗ ಒಂದು ದಾರಿ, ಡ್ರಮ್ ಒಂದು ದಾರಿ. ಇದಕ್ಕೆ ನಾನು ಮಾಡುವುದು: ನಾನು ಎತ್ತುವ ಮೊದಲು ಎರಡು ಪೂರ್ತಿ ಆವರ್ತ ಡ್ರಮ್ ನಡೆಯಬೇಕು, ಸ್ನೇರ್ (ಕಿರು ಡ್ರಮ್) 3 ಮತ್ತು 7ನೇ ಅಕ್ಷರಗಳಲ್ಲಿ ಮಾತ್ರ, ಕ್ರ್ಯಾಶ್ (ಲೋಹದ ತಟ್ಟೆ) ಸಮದಲ್ಲಿ ಮಾತ್ರ. ಮೈಕನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಹಾಕಿ, ನನ್ನ ಬಲಗೈಯ ತಾಳ ಡ್ರಮ್ಮರ್ ಕಣ್ಣಿಗೆ ಬೀಳುವಂತೆ ಅವರನ್ನು ನನ್ನ ಬಲಕ್ಕೆ ಓರೆಯಾಗಿ ಕೂರಿಸುತ್ತೇನೆ. ಮಿಶ್ರಛಾಪು ಇದಕ್ಕಿಂತ ಸುಲಭ: ತಕಿಟ ತಕದಿಮಿ ಏಳರಲ್ಲಿ ಕಿಕ್ 1ಕ್ಕೆ, ಸ್ನೇರ್ 4 ಮತ್ತು 6ಕ್ಕೆ.

ಎಲ್ಲರೂ ಒಟ್ಟಿಗೆ ಬಂದು ನಿಲ್ಲುವ ಮುಕ್ತಾಯವನ್ನು ಕಾಗದದ ಮೇಲೆ ಕಟ್ಟಿಕೊಳ್ಳುವುದೇ ಸರಿ. ಚತುರಶ್ರ ನಡೆಯ ಆದಿತಾಳದ ಒಂದು ಆವರ್ತದಲ್ಲಿ ಅಕ್ಷರಕ್ಕೆ ನಾಲ್ಕರಂತೆ 32 ಮಾತ್ರೆ. 'ತಕಿಟ ತಕ ತದಿಗಿಣತೊಂ' ಎಂದರೆ 3, 2, 5 ಸೇರಿ ಹತ್ತು. ಇದನ್ನು ಮೂರು ಸಲ ನುಡಿಸಿ ನಡುವೆ ಎರಡು ಕಡೆ ಒಂದೊಂದು ಮಾತ್ರೆ ಕಾರ್ವೆ (ಹಿಡಿದು ನಿಲ್ಲುವ ಬಿಡುವು) ಬಿಟ್ಟರೆ 32 ತುಂಬಿ ಮುಂದಿನ ಸಮಕ್ಕೆ ಬರುತ್ತದೆ. ಆದರೆ ನನ್ನ ಎಡುಪು ಸಮದಿಂದ ಒಂದೂವರೆ ಅಕ್ಷರ, ಅಂದರೆ ಆರು ಮಾತ್ರೆ ಆಚೆಗಿದೆಯಲ್ಲ? ಆಗ ಕಾರ್ವೆಯನ್ನು ಒಂದರ ಬದಲು ನಾಲ್ಕು ಮಾತ್ರೆ ಮಾಡಿದರೆ 30 ಮತ್ತು 8 ಸೇರಿ 38. ಸಮದಲ್ಲಿ ಶುರುಮಾಡಿದ್ದು ನೇರ ಎಡುಪಿಗೇ ಬಂದು ನಿಲ್ಲುತ್ತದೆ. ಇದನ್ನು ಮೊದಲು ಎಲ್ಲರೂ ವಾದ್ಯ ಕೆಳಗಿಟ್ಟು ಬಾಯಲ್ಲಿ ಹೇಳಬೇಕು, ಗಿಟಾರಿನವರೂ ಸೇರಿ. ಬಾಯಲ್ಲಿ ಬಾರದ್ದು ಕೈಯಲ್ಲಿ ಬರುವುದಿಲ್ಲ. ತಪ್ಪುವುದು ಯಾವಾಗಲೂ ಕಾರ್ವೆಯಲ್ಲೇ: ಡ್ರಮ್ಮರ್ ಆ ನಾಲ್ಕು ಮಾತ್ರೆಯ ಮೌನವನ್ನು ತಾಳಲಾರದೆ ರೋಲ್ ತುಂಬಿಸುತ್ತಾರೆ, ವೇಗ ಏರುತ್ತದೆ. ಹೈಹ್ಯಾಟನ್ನು ಕಾಲಲ್ಲಿ ಮಾತ್ರ ನಡೆಸಿ ಎಂದರೆ ಸರಿಹೋಗುತ್ತದೆ.

ಲಯ ಎಣಿಸುವ ಯಂತ್ರದ ಕ್ಲಿಕ್ ಸದ್ದು ಡ್ರಮ್ ಮತ್ತು ಬೇಸಿನವರ ಕಿವಿಗೆ ಸಾಕು. ಆಲಾಪನೆಗೆ ಕ್ಲಿಕ್ ಇಲ್ಲ. ಅದು ಮುಗಿಯುವ ಪ್ರಯೋಗ ಯಾವುದೆಂದು ಮೊದಲೇ ಗೊತ್ತುಮಾಡಿ, ಅದು ಬಂದ ಮೇಲೆ ಡ್ರಮ್ಮರ್ ಕಡ್ಡಿಯಲ್ಲಿ ನಾಲ್ಕು ಎಣಿಸುತ್ತಾರೆ.

ಧ್ವನಿವರ್ಧಕದ ವಿಷಯದಲ್ಲಿ ಕೆಲವೇ ಮಾತು, ಆದರೆ ಮಿಕ್ಸರ್ ಮುಂದೆ ಕೂತವರಿಗೆ ಬರೆದೇ ಕೊಡುತ್ತೇನೆ. ಪಿಚ್ ಸರಿಪಡಿಸುವ ಯಾವ ಯಂತ್ರವೂ ನನ್ನ ದಾರಿಯಲ್ಲಿ ಇರಬಾರದು, ಗಮಕ ಅದಕ್ಕೆ ತಪ್ಪಾಗಿಯೇ ಕಾಣುತ್ತದೆ. ಗೇಟ್ ಬೇಡ, ಕ್ಷೀಣಿಸುತ್ತಾ ಹೋಗುವ ಕಾರ್ವೆಯ ಕೊನೆಯನ್ನು ಅದು ಕತ್ತರಿಸುತ್ತದೆ. ದನಿಯ ಏರಿಳಿತ ಕುಗ್ಗಿಸುವ ಕಂಪ್ರೆಸರ್ 3:1 ಮೀರಬಾರದು. ರಿವರ್ಬ್ ಒಂದೂವರೆ ಸೆಕೆಂಡಿನೊಳಗೆ ಇರಲಿ, ಡಿಲೇ ಬೇಡವೇ ಬೇಡ. ಹಿಂದಿನ ಸ್ವರ ಮುಂದಿನ ಸ್ವರದ ಮೇಲೆ ಬಿದ್ದರೆ ಜಾರು ಕಲಸಿಹೋಗುತ್ತದೆ. ಕೆಳಗಿನ ಕಂಪನಗಳನ್ನು ಕತ್ತರಿಸುವ ಲೋ ಕಟ್ ನನಗೆ 120 ಹರ್ಟ್ಸ್ ಸರಿ, ನನ್ನ ಮಂದ್ರ ಪಂಚಮ ಸುಮಾರು 156ರಲ್ಲಿದೆ. ಒಂದನೇ ಶ್ರುತಿಯ (ಸಿ) ಗಂಡು ದನಿಗೆ ಅದೇ ಪಂಚಮ 98ಕ್ಕೆ ಇಳಿಯುವುದರಿಂದ 80ಕ್ಕಿಂತ ಮೇಲೆ ಕತ್ತರಿಸಬಾರದು. ಮಾನಿಟರಿನಲ್ಲಿ ನನಗೆ ಬೇಕಾದ್ದು ತಂಬೂರಿ, ಮೃದಂಗ, ನನ್ನ ದನಿ. ಕೀಬೋರ್ಡು ವೇದಿಕೆಯ ಮೇಲೆ ತಾನಾಗಿಯೇ ಕೇಳಿಸುತ್ತದೆ.

ಮೃದಂಗ ಮತ್ತು ಡ್ರಮ್ಮಿನ ನಡುವೆ ಕನಿಷ್ಠ ಮೂರು ಮೀಟರ್ ಬಿಡಿಸುತ್ತೇನೆ, ಡ್ರಮ್ಮಿಗೆ ದಪ್ಪ ಕೋಲಿನ ಬದಲು ತೆಳು ಕಡ್ಡಿಗಳ ಕಟ್ಟು ಕೊಡಿಸುತ್ತೇನೆ. ಇನ್ನು ದೀಪಗಳು. ರಾಕ್ ತಂಡಕ್ಕೆಂದು ಹಾಕಿದ ಬಿಸಿ ದೀಪ ನೇರ ಮೃದಂಗದ ಮೇಲೆ ಬಿದ್ದರೆ ಬಲಗಡೆಯ ಚರ್ಮ ಒಣಗಿ ಶ್ರುತಿ ಏರುತ್ತದೆ, ಎಡಗಡೆಗೆ ಮೆತ್ತಿದ ರವೆ ಒಣಗಿ ತೊಪ್ಪಿಯ (ಎಡ ಮುಖದ) ಗುಂಕಾರ ಹೋಗುತ್ತದೆ. ಮೂರನೇ ಹಾಡಾದ ಮೇಲೆ ಕೀಬೋರ್ಡಿನ ಒಂದು ತನಿ (ಒಬ್ಬರೇ ನುಡಿಸುವುದು) ಇಟ್ಟಿರುತ್ತೇನೆ, ನಾಲ್ಕು ನಿಮಿಷದ್ದು. ಅಷ್ಟರಲ್ಲಿ ಮೃದಂಗದವರು ರವೆ ಹೊಸದಾಗಿ ಮೆತ್ತಿ, ಶ್ರುತಿ ನೋಡಿಕೊಂಡು ಸಿದ್ಧರಾಗುತ್ತಾರೆ.